ಪರರ ಮಾತು, ನಮ್ಮ ಬಾಯಿ

ಎಪ್ಪತ್ತು ದಾಟಿದ ಮುದುಕನೊಬ್ಬ ಬೆಳಗಿನ ಹೊತ್ತು ಮಾಳಮಡ್ಡಿಯ ತನ್ನ ಮನೆಯಂಗಳದಲ್ಲಿ ನಿಂತು, ಸೀಟಿ ಹೊಡೆಯುವವನಂತೆ ತುಟಿ ಮುಂದೆ ಮಾಡಿಕೊಂಡು, 'ಈ' ಎನ್ನಲು ಹೆಣಗುತ್ತಿದ್ದರೆ ನೋಡಿದವರು ಏನೆಂದು ತಿಳಿಯಬೇಕು? ನಮ್ಮ ಹಾಲಿನವನು ಸಭ್ಯ ಮನುಷ್ಯ. "ಹಲ್ಲ ಬ್ಯಾನಿ ಏನ್ರೀ ಮಾಸ್ತರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.

ಬೇನೆಯಲ್ಲ, ಫ್ರೆಂಚ್ ಭಾಷೆ. ನನ್ನ ಮಗ ಹನ್ನೆರಡು ವರ್ಷಗಳಿಂದ ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ತುಲೂಜ್ ಎಂಬ ಊರಿನಲ್ಲಿದ್ದಾನೆ. ವಿಮಾನ ಕಟ್ಟುವ ಕಾರಖಾನೆಯಲ್ಲಿ ಇಂಜಿನಿಯರ. ಸೊಸೆ ಆ ಊರಿನವಳೇ. ಮೊಮ್ಮಗಳಿಗೆ ಈಗ ಏಳು ತುಂಬಿದೆ. ರವಿವಾರ ಸಂಜೆ, ಅಲ್ಲಿ ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ಮೊಬೈಲಿನ ಪರದೆಯ ಮೇಲೆ ಅವಳ ಮುಖ ಮೂಡುತ್ತದೆ. ಅವಳು ಹೇಳಿದ್ದನ್ನು ಮಗ ನನಗೆ ಕನ್ನಡದಲ್ಲಿ ಹೇಳುತ್ತಾನೆ, ನಾನು ಹೇಳಿದ್ದನ್ನು ಅವಳಿಗೆ ಫ್ರೆಂಚಿನಲ್ಲಿ ಹೇಳುತ್ತಾನೆ. ಅಜ್ಜ ಮೊಮ್ಮಗಳ ನಡುವೆ ದುಭಾಷಿಯೊಬ್ಬ ಕೂತರೆ ಮಾತು ಕೋರ್ಟಿನ ಸಾಕ್ಷಿಯಂತಾಗುತ್ತದೆ. ಮೇಲಾಗಿ ನನ್ನ ಮಗ ಸಂಕ್ಷೇಪಪ್ರಿಯ. ಹುಡುಗಿ ಎರಡು ನಿಮಿಷ ಕಣ್ಣರಳಿಸಿ ಹೇಳಿದ್ದನ್ನು ಅವನು "ಬೆಕ್ಕ ಮರಿ ಹಾಕೇತಂತ" ಎಂದು ಮುಗಿಸಿಬಿಡುತ್ತಾನೆ. ಇದನ್ನು ತಾಳಲಾರದೆ ಕಳೆದ ಚೈತ್ರದಲ್ಲಿ ನಾನೇ ಫ್ರೆಂಚ್ ಕಲಿಯುವುದೆಂದು ನಿರ್ಧರಿಸಿದೆ. ಹುಡುಗಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆ ಕ್ಷಣವೇ ನನಗೆ ಗುರುವಾದಳು. ಎರಡು ಶರತ್ತು ಹಾಕಿದಳು. ಒಂದು, ಅವಳ ಜೊತೆಗೆ ಮಾತಾಡಬೇಕು. ಎರಡು, ಅವಳ ಜೊತೆಗೆ ಹಾಡಬೇಕು.

ಈ ಎರಡೂ ಒಂದೇ ಕೆಲಸವೆಂದು ನಾನು ತಿಳಿದಿದ್ದೆ. ಅಲ್ಲವೆಂದು ಈಗ ತಿಳಿದಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಮಾತಿನ ವಿಚಾರ. ಓದುಗರಲ್ಲಿ ಫ್ರೆಂಚ್ ಬಲ್ಲವರಿದ್ದರೆ, ಆ ಭಾಷೆಯ ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ನಾನು ಕೊಡುವ ಹಿಂಸೆಯನ್ನು ಮನ್ನಿಸಬೇಕು. ನಾವು ಬರೆದಂತೆ ಓದುವ ಜನ. ಅವರು ಬರೆಯುವುದೆಲ್ಲ ಪೂರ್ವಜರ ಸ್ಮಾರಕಕ್ಕಾಗಿ. ಓದುವಾಗ ಶಬ್ದದ ಕೊನೆಯ ವ್ಯಂಜನಗಳನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಆದರೆ ಮುಂದಿನ ಶಬ್ದ ಸ್ವರದಿಂದ ಆರಂಭವಾದರೆ ಮಲಗಿದ್ದ ವ್ಯಂಜನ ಎದ್ದು ಕೂಡುತ್ತದೆ. ಬಹುವಚನದ 'ಲೇ' ಎಂಬುದರ ಮುಂದೆ ಗೆಳೆಯ ಎಂಬ ಅರ್ಥದ 'ಆಮಿ' ಬಂದರೆ 'ಲೇ ಝಾಮಿ' ಆಗುತ್ತದೆ. ಏಕವಚನದ 'ಲ' ಬಂದರೆ ಅದರ ಸ್ವರವೇ ಲೋಪವಾಗಿ 'ಲಾಮಿ'. ಲೋಪಸಂಧಿಯನ್ನು ಮೂವತ್ತೈದು ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದ ನನಗೆ ಇದರಿಂದ ತುಸು ಧೈರ್ಯ ಬಂತು.

ಧಾರವಾಡದ ಬಾಯಿ ಇನ್ನೂ ಕೆಲವು ಕಡೆ ನೆರವಾಯಿತು. ಪೇಟೆಯನ್ನು 'ಪ್ಯಾಟಿ' ಎಂದು, ಬೇಡ ಎಂಬುದನ್ನು 'ಬ್ಯಾಡ' ಎಂದು, ತೋಟವನ್ನು 'ತ್ವಾಟ' ಎಂದು ನಾವು ಅನ್ನುತ್ತೇವಷ್ಟೆ. ಫ್ರೆಂಚಿನಲ್ಲಿ ನನಗೆ, ನಿನಗೆ ಎನ್ನುವಲ್ಲಿ ಬರುವ ಶಬ್ದಗಳು 'ಮ್ವಾ', 'ತ್ವಾ'. ಬೆಂಗಳೂರಿನ ಬಾಯಿ ಇಲ್ಲಿ ಎಡವೀತು, ನಮ್ಮದು ಎಡವುವುದಿಲ್ಲ. ರೊಟ್ಟಿಗೆ ಅವರು 'ಪ್ಯಾಂ' ಎನ್ನುತ್ತಾರೆ. ಆದರೆ ಕೊನೆಯಲ್ಲಿ ಮಕಾರವೂ ಇಲ್ಲ, ನಕಾರವೂ ಇಲ್ಲ, ಸ್ವರವೇ ಮೂಗಿನಲ್ಲಿ ಹೊರಡಬೇಕು. ಬರವಣಿಗೆಯ ಕನ್ನಡದಲ್ಲಿ ಈ ಸ್ವರವಿಲ್ಲವೆಂದರೂ, ಕಥೆ ಕೇಳುವಾಗ 'ಹೂಂ' ಗುಡುವ ಯಾರಿಗೂ ಇದು ಅಪರಿಚಿತವಲ್ಲ. ಹುಬ್ಬಳ್ಳಿಯ ಕೊಂಕಣಿ ಮನೆಗಳಲ್ಲಂತೂ ಇದು ದಿನದ ಮಾತು. ಅವರ ರಕಾರ ನಾಲಗೆಯ ತುದಿಯದಲ್ಲ, ಗಂಟಲಿನ ಹಿಂದಿನದು. ಉರ್ದು ಚೆನ್ನಾಗಿ ಬಲ್ಲವರು 'ಗಜಲ್' ಎನ್ನುವಾಗ ಮೊದಲಕ್ಷರವನ್ನು ಎಲ್ಲಿಂದ ತರುತ್ತಾರೋ ಹೆಚ್ಚುಕಡಿಮೆ ಅಲ್ಲಿಂದ ಇದನ್ನೂ ತರಬೇಕು. ಹೀಗೆ ನೆರೆಹೊರೆಯವರಿಂದ ಒಂದೊಂದು ಸಾಮಾನು ಎರವಲು ತಂದು ನಾನು ಸಂಸಾರ ಹೂಡಿದೆ.

ಎಲ್ಲಿಯೂ ಎರವಲು ಸಿಗದಿದ್ದುದು ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದ ಆ ಸ್ವರ. ನಾಲಗೆ 'ಈ' ಎನ್ನಬೇಕು, ತುಟಿ 'ಊ' ಎನ್ನಬೇಕು. ಮನೆಯಲ್ಲಿ ಗಂಡ ಒಂದು, ಹೆಂಡತಿ ಒಂದು ಹೇಳಿದಂತೆ. ಹುಡುಗಿ ಹೇಳಿಕೊಟ್ಟ ಯುಕ್ತಿ ಹೀಗಿದೆ: 'ಈ' ಎಂದು ಹಿಡಿದುಕೊ, ನಾಲಗೆಯನ್ನು ಅಲುಗಿಸದೆ ತುಟಿ ಮಾತ್ರ ದುಂಡಗೆ ಮಾಡು. ಈ ಸ್ವರ ಸರಿಯಾಗಿ ಬಂದರೆ 'ರ್ಯೂ' ಎಂಬುದಕ್ಕೆ ಬೀದಿ ಎಂದರ್ಥ. ತಪ್ಪಿ 'ರೂ' ಆದರೆ ಗಾಲಿ. ನಾನು ಮೂರು ತಿಂಗಳು ಗಾಲಿಯಲ್ಲಿ ನಡೆದಾಡಿದೆ, ಗಾಲಿಯ ಆಚೆ ಇರುವ ಅಂಗಡಿಯಿಂದ ಬಾಳೆಹಣ್ಣು ತಂದೆ. ಹುಡುಗಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಆದರೆ ಆ ನಗೆಯಲ್ಲಿ ಮುಳ್ಳಿರಲಿಲ್ಲ. ಗಾಲಿಯ ಆಚೆ ಅಂಗಡಿ ಇರುವುದು ನಿಜವಾಗಿಯೂ ಮೋಜಿನ ಸಂಗತಿ.

ಇಲ್ಲಿ ನನಗೊಂದು ಸಂದೇಹ ಬಂತು. ಎಷ್ಟು ಕಲಿತರೆ ಸಾಕು? ಬೀದಿ ಗಾಲಿಯಾಗಬಾರದು, ಒಪ್ಪಿದೆ. ಅದು ಕೇಳುವವನಿಗೆ ತೊಂದರೆ. ನಮ್ಮ ಮೈಗಳ್ಳತನದ ಭಾರವನ್ನು ಕೇಳುವವನ ಕಿವಿಯ ಮೇಲೆ ಹೊರಿಸುವುದು ಸಭ್ಯತನವಲ್ಲ. ಆದರೆ ಆ ಗಡಿಯನ್ನು ದಾಟಿ, ನಾನು ಧಾರವಾಡದವನೆಂಬ ಸುಳಿವೇ ಸಿಗದಂತೆ ಮಾತಾಡಬೇಕೆ? ಹಾಗೆ ಮಾತಾಡಿದರೆ ಅದು ಆ ಭಾಷೆಗೆ ಸಲ್ಲಿಸಿದ ಗೌರವವೋ, ವೇಷವೋ?

ಮಗನನ್ನು ಕೇಳಿದೆ. ಅವನು ನಕ್ಕ. "ಅಪ್ಪಾ, ನೀವು ಕಲೀಲಿಕ್ಹತ್ತಿದ್ದು ತುಲೂಜಿನ ಫ್ರೆಂಚ್. ಪ್ಯಾರಿಸಿನವರು ಅದನ್ನ ಕೇಳಿದರ ಅವರಿಗೆ ನಗಿ ಬರ್ತದ" ಎಂದ. ವಿಷಯ ಹೀಗಿದೆ. ಬರವಣಿಗೆಯಲ್ಲಿ ಶಬ್ದದ ಕೊನೆಗೆ ಬರುವ ಒಂದು ಕಿರಿಯ ಸ್ವರವುಂಟು. ಅರ್ಧ 'ಅ', ಅರ್ಧ 'ಎ' ಎನ್ನಬಹುದು. ಉತ್ತರದವರು ಮಾತಿನಲ್ಲಿ ಅದನ್ನು ನುಂಗಿಬಿಡುತ್ತಾರೆ. ತುಲೂಜಿನ ಕಡೆಯ ಹಳೆಯ ಉಚ್ಚಾರದಲ್ಲಿ ಅದು ಉಳಿದಿದೆ. ಅಲ್ಲದೆ ರೊಟ್ಟಿಯ 'ಪ್ಯಾಂ' ಅಲ್ಲಿ ಕೊನೆಗೆ ತುಸು ಗಕಾರದ ನೆರಳು ಹಿಡಿದು 'ಪ್ಯಾಂಗ್' ಎಂದಾಗುತ್ತದೆ. ಇದು ಹಳ್ಳಿಗರ ಮಾತೆಂದು ರಾಜಧಾನಿಯವರ ಭಾವನೆ. 2018ರಲ್ಲಿ ಅಲ್ಲಿಯ ಪ್ರಮುಖ ರಾಜಕಾರಣಿಯೊಬ್ಬರು ಈ ಕಡೆಯ ಪತ್ರಕರ್ತೆಯೊಬ್ಬಳ ಪ್ರಶ್ನೆಗೆ ಉತ್ತರಿಸುವ ಬದಲು ಅವಳ ಉಚ್ಚಾರವನ್ನು ಎಲ್ಲರೆದುರು ಅಣಕಿಸಿ, ಫ್ರೆಂಚಿನಲ್ಲಿ ಪ್ರಶ್ನೆ ಕೇಳುವವರು ಬೇರೆ ಯಾರಾದರೂ ಇದ್ದಾರೆಯೇ ಎಂದರು. ಅವಳು ಕೇಳಿದ್ದು ಫ್ರೆಂಚಿನಲ್ಲಿಯೇ. 2020ರ ನವೆಂಬರಿನಲ್ಲಿ ಅಲ್ಲಿಯ ಲೋಕಸಭೆ, ಉಚ್ಚಾರದ ಕಾರಣಕ್ಕೆ ಯಾರಿಗೂ ಭೇದ ಮಾಡಕೂಡದೆಂಬ ಮಸೂದೆಯನ್ನು ಮೊದಲ ವಾಚನದಲ್ಲಿ ಅಂಗೀಕರಿಸಿತು. ಪೋಷಾಕಿನಲ್ಲಿ, ಪಾಕದಲ್ಲಿ ಜಗತ್ತಿಗೇ ಮಾದರಿಯೆನಿಸಿದ ದೇಶಕ್ಕೂ ಇಂಥದೊಂದು ಮಸೂದೆ ಬೇಕಾಯಿತೆಂದು ಕೇಳಿ ನನಗೆ ಒಂದು ಬಗೆಯ ಸಮಾಧಾನವಾಯಿತು. 1956ರಲ್ಲಿ ಕರ್ನಾಟಕ ಒಂದಾದ ಮೇಲೂ ಎಷ್ಟೋ ವರ್ಷ ನಮ್ಮ ಕಡೆಯ ನೌಕರರು ಬೆಂಗಳೂರಿನ ಕಚೇರಿಗಳಲ್ಲಿ ಬಾಯಿ ತೆರೆದೊಡನೆ ಮುಗುಳ್ನಗೆಗಳು ಹೊರಡುತ್ತಿದ್ದುದನ್ನು ಬಲ್ಲವರು ಬಲ್ಲರು.

ಶುದ್ಧ ಉಚ್ಚಾರವೆಂಬುದು ಆಕಾಶದಿಂದ ಇಳಿದದ್ದೇನೂ ಅಲ್ಲ. ಈಗ ಅರಸನಿಗೆ ಫ್ರೆಂಚಿನಲ್ಲಿ 'ರ್ವಾ' ಎನ್ನುತ್ತಾರೆ. 1789ರ ಕ್ರಾಂತಿಗೆ ಮುಂಚೆ ಆಸ್ಥಾನದ ಗಣ್ಯರು ಅನ್ನುತ್ತಿದ್ದುದು 'ರ್ವೆ'. 'ರ್ವಾ' ಎನ್ನುವುದು ಪ್ಯಾರಿಸಿನ ಪೇಟೆಯ ಸಾಮಾನ್ಯರ ಉಚ್ಚಾರ, ಒರಟರ ಮಾತು. 1793ರಲ್ಲಿ ಅರಸನ ತಲೆ ಹೋಯಿತು. ಅದರ ಹಿಂದೆಯೇ ಅರಮನೆಯ ಉಚ್ಚಾರವೂ ಹೋಯಿತು. ಇಂದು ಜಗತ್ತಿನಾದ್ಯಂತ ಮಕ್ಕಳು ಕಲಿಯುವುದು ಪೇಟೆಯವರ ಸ್ವರವನ್ನೇ. ಕೆನಡಾದ ಹಳೆಯ ಫ್ರೆಂಚ್ ಮನೆತನಗಳಲ್ಲಿ ಈಗಲೂ ಉಳಿದಿರುವ 'ಮ್ವೆ', 'ತ್ವೆ'ಗಳನ್ನು ಕೇಳಿದರೆ ಪ್ಯಾರಿಸಿನವರು ಅದನ್ನೇ ಗಾವಟಿ ಎನ್ನುತ್ತಾರೆ! ನಮ್ಮ 'ತ್ವಾಟ'ವನ್ನು ಕಂಡು ನಕ್ಕವರು ಇದನ್ನೊಮ್ಮೆ ಯೋಚಿಸಬೇಕು.

ಆದ್ದರಿಂದ ಮಾತಿನ ಮಟ್ಟಿಗೆ ನಾನೊಂದು ನಿಲುವಿಗೆ ಬಂದೆ. ಅರ್ಥ ಕೆಡಿಸುವ ತಪ್ಪನ್ನು ತಿದ್ದಿಕೊಳ್ಳಬೇಕು. ಊರನ್ನು ಮಾತ್ರ ಹೇಳಿಕೊಡುವ ತಪ್ಪನ್ನು ಇಟ್ಟುಕೊಳ್ಳಬಹುದು. ಲಕೋಟೆಯ ಮೇಲೆ ಕಳಿಸಿದವರ ವಿಳಾಸ ಇರುವುದಿಲ್ಲವೆ? ಮಾತು ಇಬ್ಬರ ವ್ಯವಹಾರ. ತಿಳಿಯದಿದ್ದರೆ ಎದುರಿನವನು "ಏನಂದ್ರಿ?" ಎಂದು ಕೇಳಬಲ್ಲ, ನಾನು ಮತ್ತೊಮ್ಮೆ ಹೇಳಬಲ್ಲೆ, ಅವನು ಎರಡು ಹೆಜ್ಜೆ, ನಾನು ಎರಡು ಹೆಜ್ಜೆ.

ಆದರೆ ಹುಡುಗಿಯ ಎರಡನೆಯ ಶರತ್ತು ಉಳಿದಿತ್ತಲ್ಲ.

ಅವಳು ಆರಿಸಿದ ಹಾಡು 'ಫ್ರೇರ್ ಜಾಕ್'. ಓದುಗರಲ್ಲಿ ಅನೇಕರು ಇದರ ಧಾಟಿಯನ್ನು ಬಾಲವಾಡಿಯ ಮಕ್ಕಳ ಬಾಯಲ್ಲಿ ಕೇಳಿರುತ್ತಾರೆ. ಒಬ್ಬರು ಆರಂಭಿಸಿ ಸ್ವಲ್ಪ ಮುಂದೆ ಹೋದ ಮೇಲೆ ಇನ್ನೊಬ್ಬರು ಮೊದಲಿನಿಂದ ಹಿಡಿಯಬೇಕಾದ ಹಾಡು ಅದು. ಮೊಬೈಲಿನಲ್ಲಿ ನನ್ನ ದನಿ ಅವಳಿಗೆ ಹೇಗೂ ತಡವಾಗಿಯೇ ತಲಪುವುದರಿಂದ ಇದೇ ಅನುಕೂಲವೆಂದು ಅವಳ ತರ್ಕ. ನಾನು ಮಾತಿನಲ್ಲಿ ಕಲಿತಂತೆ 'ಫ್ರೇರ್', 'ಜಾಕ್' ಎಂದು ಎರಡು ಗುಟುಕಿನಲ್ಲಿ ಹಾಡಹೋದೆ. ಧಾಟಿಯ ಮೊದಲಿಗೆ ಸಾ, ರೇ, ಗ, ಸಾ ಎಂದು ನಾಲ್ಕು ಸ್ವರ. ನನ್ನ ಹತ್ತಿರ ಇದ್ದುದು ಎರಡೇ ಅಕ್ಷರ. ಹುಡುಗಿ ತಲೆಯಾಡಿಸಿ ಹೇಳಿಕೊಟ್ಟಳು: ಫ್ರೆ, ರ, ಜಾ, ಕ. ಮಾತಿನಲ್ಲಿ ನುಂಗಿದ ಕಿರಿಯ ಸ್ವರ ಹಾಡಿನಲ್ಲಿ ಮರಳಿ ಬಂದಿತ್ತು! ಕೊನೆಗೊಂದು ಸ್ವರ ಹಚ್ಚದೆ ಶಬ್ದವನ್ನು ಮುಗಿಸಲಾರದವರು ಯಾರು ಸ್ವಾಮಿ? ನಾವು. ಬಸ್ಸು, ಬ್ಯಾಂಕು, ಕೋರ್ಟು, ನೋಟು. ಯಾವುದನ್ನು ತಿದ್ದಿಕೊಳ್ಳಲು ಮೂರು ತಿಂಗಳು ಒದ್ದಾಡಿದ್ದೆನೋ ಆ ಕನ್ನಡಿಗರ ಚಟವೇ ಹಾಡಿನ ಬಾಗಿಲಲ್ಲಿ ಹೆಚ್ಚುಕಡಿಮೆ ಸರಿಯೆನಿಸಿಕೊಂಡಿತು. ವಿಚಾರಿಸಿದಾಗ ಇನ್ನೂ ತಿಳಿಯಿತು: ಫ್ರೆಂಚ್ ಶಾಸ್ತ್ರೀಯ ಗಾಯನದಲ್ಲಿ ಈ ಸ್ವರಕ್ಕೆ ಸಂಗೀತಕಾರ ಬೇರೆ ಸ್ಥಾನವನ್ನೇ ಕೊಟ್ಟಿರುತ್ತಾನೆ; ಮಾತಿನಲ್ಲಿ ಬಿಡುವ ಸಂಧಿಗಳನ್ನು ಅಲ್ಲಿ ಬಿಡುವಂತಿಲ್ಲ; ಗಂಟಲಿನ ರಕಾರದ ಬದಲು ನಾಲಗೆಯ ತುದಿಯ ರಕಾರವನ್ನು, ಅಂದರೆ ನಮ್ಮ ರಕಾರವನ್ನು, ಬಳಸುವುದು ಅಲ್ಲಿಯ ಹಳೆಯ ಪದ್ಧತಿ. ಹಾಡು ಭಾಷೆಯ ಹಳೆಯ ಮನೆ. ಬೀದಿಯವರು ಮರೆತದ್ದನ್ನು ಅದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತದೆ.

ಇದು ನಮ್ಮ ಪ್ರಾಂತಕ್ಕೆ ಹೊಸ ಸಂಗತಿಯಲ್ಲ. ನೂರು ವರ್ಷಗಳಿಂದ ಹುಬ್ಬಳ್ಳಿ ಧಾರವಾಡದ ಮಣ್ಣಿನ ಜನ ಪರರ ಮಾತಿನಲ್ಲಿ ಹಾಡುತ್ತ ಬಂದಿದ್ದಾರೆ. ಮನೆಯಲ್ಲಿ "ಉಂಡಿ ಏನ?" ಎನ್ನುವವರು ಬೈಠಕ್ಕಿನಲ್ಲಿ ಕುಳಿತು ವ್ರಜಭಾಷೆಯ ಖ್ಯಾಲು ಹಾಡಿದರು. ಅಲ್ಲಿಯೂ ಇದೇ ವಿನೋದ. ಇಂದಿನ ಹಿಂದಿಯವರು ಮಾತಿನಲ್ಲಿ 'ರಾಮ್', 'ಮನ್' ಎನ್ನುತ್ತಾರೆ; 'ರಾಮ', 'ಮನ' ಎಂದು ಕೊನೆಯ ಅಕಾರವನ್ನು ಬಿಡದ ನಮ್ಮವರನ್ನು ಕಂಡು ನಗುತ್ತಾರೆ. ಆದರೆ ಅವರದೇ ಹಳೆಯ ಪದ್ಯದ ಮಾತ್ರೆಯ ಲೆಕ್ಕದಲ್ಲಿ ಆ ಅಕಾರ ಸೇರಿರುತ್ತದೆ, ಹಾಡಿನಲ್ಲಿ ಕೇಳುತ್ತದೆ. ದಿಲ್ಲಿಯ ಅಂಗಡಿಯಲ್ಲಿ ತಪ್ಪಾದದ್ದು ದಿಲ್ಲಿಯ ಸಭೆಯಲ್ಲಿ ಸರಿಯಾಗುತ್ತದೆ.

ಇಷ್ಟರಿಂದ ಕನ್ನಡಿಗನಿಗೆ ಹಾಡಿನಲ್ಲಿ ಎಲ್ಲ ಮಾಫಿ ಎಂದು ತಿಳಿಯಬಾರದು. ಅಕಾರವೊಂದು ಪುಕ್ಕಟೆಯಾಗಿ ಸಿಕ್ಕಿತು. ಉಳಿದದ್ದನ್ನು ಅವರು ದುಡಿದು ಗಳಿಸಿದರು. ಕಿರಾಣಾದಿಂದ ಬಂದು ಮಿರಜಿನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರಲ್ಲಿ ಕುಂದಗೋಳದ ರಾಮಭಾವು ಕಲಿತರು. ಅವರು ಮರಾಠಿ ರಂಗಭೂಮಿಯ ಮೇಲೆ ಹಾಡಿ, ಮರಾಠಿಗರಿಂದಲೇ 'ಸವಾಯಿ ಗಂಧರ್ವ' ಎನಿಸಿಕೊಂಡರು. ಗದಗಿನ ಕಡೆಯ ಭೀಮಸೇನ ಜೋಶಿಯವರ ಅಭಂಗಗಳನ್ನು ಕೇಳಿದ ಪುಣೆಯ ಜನ ಅವರನ್ನು ಪರಕೀಯರೆಂದು ಎಣಿಸಲೇ ಇಲ್ಲ. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತದ್ದನ್ನು ಎಲ್ಲರೂ ಬಲ್ಲರು. ತಾಯಿಯ ಮೌನವನ್ನು ನೆನೆಯುವವರು ಕಡಿಮೆ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಮಕಾಳಿಮಠ, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದಿಂದ ಮಾಳವದ ದೇವಾಸದಲ್ಲಿ ಹಾಸಿಗೆ ಹಿಡಿದಾಗ ವೈದ್ಯರು ಹಾಡಕೂಡದೆಂದರು. ಬಾಯಿ ಮುಚ್ಚಿದ ಆ ಕೆಲವು ವರ್ಷಗಳಲ್ಲಿ ಅವರ ಕಿವಿ ಬೀದಿಯ ಮಾಳವಿ ಹಾಡುಗಳಿಗೆ ತೆರೆದಿತ್ತು. ಎದ್ದ ಮೇಲೆ ಅವರು ಹಾಡಿದ ಮಾಳವಿ ಪದಗಳನ್ನು ಆ ನಾಡಿನವರು ತಮ್ಮವೆಂದೇ ಕೇಳಿದರು. ಕರೀಂ ಖಾನರೂ ತ್ಯಾಗರಾಜರ ತೆಲುಗು ಕೃತಿಯನ್ನು ಕಲಿತು ಗ್ರಾಮಫೋನ್ ಮುದ್ರಿಕೆಗೆ ಹಾಡಿದರು. (ಅವರು 1937ರಲ್ಲಿ ತೀರಿಕೊಂಡದ್ದು ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಶನ್ನಿನಲ್ಲಿ. ಪಾಂಡಿಚೇರಿ ಆಗ ಫ್ರೆಂಚರದು. ಈ ಲೇಖನಕ್ಕೆ ಇದು ಸೇರಬೇಕಾದ ಮಾತಲ್ಲ; ಫ್ರೆಂಚ್ ಎಂದೊಡನೆ ನೆನಪಾಯಿತು.)

ಹಾಡಿನಲ್ಲಿ ಇಷ್ಟು ಶ್ರಮ ಏಕೆ ಬೇಕು? ಮಾತಿನಲ್ಲಿ ಸಾಕೆನಿಸಿದ್ದು ಇಲ್ಲಿ ಏಕೆ ಸಾಲದು? ನನಗೆ ತೋರುವುದು ಹೀಗೆ. ಮಾತಾಡುವಾಗ ಶಬ್ದ ನನ್ನದು. ನನ್ನ ಬಾಯಲ್ಲಿ ಹುಟ್ಟಿ ಎದುರಿನವನ ಕಿವಿಯಲ್ಲಿ ಮುಗಿಯುತ್ತದೆ. ಹಾಡುವಾಗ ಶಬ್ದ ನನ್ನದಲ್ಲ. ಯಾರೋ ಒಬ್ಬರು ಈ ಶಬ್ದದ ಪಕ್ಕಕ್ಕೆ ಈ ಶಬ್ದವೇ ಬೇಕೆಂದು ಇಟ್ಟು ಹೋಗಿದ್ದಾರೆ. ಅವರು ಸಭೆಯಲ್ಲಿಲ್ಲ, ಬಹುಮಟ್ಟಿಗೆ ಭೂಮಿಯ ಮೇಲೆಯೇ ಇಲ್ಲ. "ನಾನು ಹಾಗೆ ಅನ್ನಲಿಲ್ಲ" ಎಂದು ಎದ್ದುನಿಂತು ಹೇಳಲಾರರು. ಕೇಳುವವರೂ ಹಾಡಿನ ನಡುವೆ "ಏನಂದ್ರಿ?" ಎನ್ನಲಾರರು. ಇಲ್ಲದವರ ಆಸ್ತಿಯನ್ನು ನೋಡಿಕೊಳ್ಳುವವನಿಗೆ ತನ್ನ ಆಸ್ತಿಗಿಂತ ಹೆಚ್ಚಿನ ಎಚ್ಚರ ಬೇಕು. ಹಿಂದಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಅಕ್ಷರವಿಲ್ಲ. ಆ ಲಿಪಿಯಲ್ಲಿ ಬರೆದುಕೊಂಡು ನಮ್ಮ ಪದ ಹಾಡುವ ಹೊರನಾಡಿನ ಗಾಯಕರು 'ಕೊಡು' ಎಂದು ದೇವರನ್ನು ಬೇಡುವ ಕಡೆ 'ಕೋಡು' ಎಂದಾಗ ನಮ್ಮ ಎದೆ ಚುರುಕ್ಕೆನ್ನುತ್ತದೆ. ಅದೇ ಗಾಯಕರು ಹುಬ್ಬಳ್ಳಿಯ ಹೋಟೆಲಿನಲ್ಲಿ "ಚಹಾ ಕೋಡು" ಎಂದರೆ ನಾವು ಕೋಡು ಹುಡುಕುವುದಿಲ್ಲ; ಕನ್ನಡ ಮಾತಾಡಿದರಲ್ಲ ಎಂದು ಹಿಗ್ಗಿ ಇನ್ನೊಂದು ಕಪ್ಪು ಕೊಡುತ್ತೇವೆ.

ಹಾಗಾದರೆ ಹಾಡಿನ ಉಚ್ಚಾರ ಒಂದು ಋಣ. ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ತರ್ಕ ನನಗೇ ಒಪ್ಪಿಗೆಯಾಗಿತ್ತು. ಆದರೆ ಈ ಋಣದ ಮಾತನ್ನು ನಾನು ಐವತ್ತು ವರ್ಷಗಳ ಹಿಂದೆಯೇ ಒಮ್ಮೆ ಆಡಿದ್ದೇನೆ, ಅದೂ ಒಬ್ಬ ಹುಡುಗನ ಮೇಲೆ.

1974ನೆಯ ಇಸವಿ. ಆಗ ನಾನು ಹೊಸದಾಗಿ ಕನ್ನಡ ಶಿಕ್ಷಕನಾಗಿದ್ದೆ. ಶಾಲೆ ಯಾವುದೆಂದು ಹೇಳಬೇಕಾಗಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಹತ್ತಿರದ ಹಳ್ಳಿಯಿಂದ ನಡೆದು ಬರುವ ಒಬ್ಬ ಹುಡುಗನಿದ್ದ. ಓದಿನಲ್ಲಿ ಸಾಧಾರಣ, ಕಂಠ ಮಾತ್ರ ದೇವರು ಕೊಟ್ಟದ್ದು. ಗ್ಯಾದರಿಂಗಿನ ದಿನ ಅವನು ಒಂದು ವಚನ ಹಾಡಿದ. ಸಭೆಯೆಲ್ಲ ನಿಶ್ಶಬ್ದವಾಗಿತ್ತು. ಅವನ ಬಾಯಲ್ಲಿ 'ಶರಣ' ಎಂಬುದು 'ಸರಣ' ಆಯಿತು, 'ಭಕ್ತಿ' 'ಬಕ್ತಿ' ಆಯಿತು. ಎರಡನೆಯ ಸಲ 'ಸರಣ' ಬಂದಾಗ ನಾನು ಕೈಯೆತ್ತಿ ಹಾಡನ್ನು ನಿಲ್ಲಿಸಿದೆ. ಬಸವಣ್ಣನವರ ಮಾತನ್ನು ಕೆಡಿಸುವ ಅಧಿಕಾರ ನಿನಗಿಲ್ಲ, ಮೊದಲು 'ಶ' ಎಂದು ಅನ್ನು ಎಂದೆ. ಅವನು ಅಂದ. ಬರಲಿಲ್ಲ. ಮತ್ತೆ ಅನ್ನಿಸಿದೆ. ಹಿಂದಿನ ಸಾಲಿನಲ್ಲಿ ನಗೆ ಆರಂಭವಾಯಿತು. ಮೂರನೆಯ ಸಲಕ್ಕೆ ಅವನು ಅನ್ನಲಿಲ್ಲ. ಕೆಳಗೆ ನೋಡುತ್ತ ನಿಂತ. "ಹೋಗು, ಕೂಡು" ಎಂದೆ.

ಅದೇ ವಾರ ಅದೇ ವರ್ಗಕ್ಕೆ ನಾನು ತದ್ಭವ ಪ್ರಕರಣ ಕಲಿಸಿದ್ದೆ. ಸಂಸ್ಕೃತದ ಶಕಾರ ಕನ್ನಡದಲ್ಲಿ ಸಕಾರವಾಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ; ಆಕಾಶ ಆಗಸವಾಯಿತು, ಧ್ವನಿ ದನಿಯಾಯಿತು, ಶಾಲಾ ಸಾಲೆಯಾಯಿತು. 13ನೆಯ ಶತಮಾನದ ಕೇಶಿರಾಜ ಇದನ್ನೆಲ್ಲ ಸೂತ್ರ ಕಟ್ಟಿ ಹೇಳಿದ್ದಾನೆ ಎಂದು ಹಲಗೆಯ ಮೇಲೆ ಬರೆದಿದ್ದೆ. ಹಲಗೆಯ ಮೇಲೆ ನಿಯಮವಾದದ್ದು ಹುಡುಗನ ಬಾಯಲ್ಲಿ ಅಪರಾಧವಾಗಿ ನನಗೆ ಕಂಡಿತು. ಎರಡೂ ಒಂದೇ ಎಂದು ಹೊಳೆ‌ಯಲು ನನಗೆ ಹಲವು ವರ್ಷ ಬೇಕಾದವು.

ಆ ಹುಡುಗ ಮತ್ತೆ ಹಾಡಲಿಲ್ಲ. ನಿವೃತ್ತನಾದ ಮೇಲೆ ಒಮ್ಮೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಿಕ್ಕ. ಕಿರಾಣಿ ಅಂಗಡಿ ಇಟ್ಟಿದ್ದ, ತಲೆ ನರೆತಿತ್ತು. ಕಾಲು ಮುಟ್ಟಿ ನಮಸ್ಕರಿಸಿ, ಬಲವಂತದಿಂದ ಚಹಾ ಕುಡಿಸಿದ. ಹಾಡುತ್ತೀಯೇನಪ್ಪ ಎಂದು ಧೈರ್ಯ ಮಾಡಿ ಕೇಳಿದೆ. "ಇಲ್ರೀ ಸರ, ಅವತ್ತ ಬಿಟ್ಟೆ. ನೀವು ಹೇಳಿದ್ದು ಖರೇನ ಇತ್ತರೀ. ನನ್ನ ನಾಲಿಗಿ ದಪ್ಪ" ಎಂದ. ಅವನು ಬೈದಿದ್ದರೆ ಹಗುರಾಗುತ್ತಿತ್ತು. ನಾನು ಹೇಳಿದ್ದೇ ಸರಿಯೆಂದು ಅವನು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದ.

ಅಂದಿನಿಂದ ನನ್ನ ತರ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ಹುಡುಕುತ್ತಲೇ ಇದ್ದೇನೆ. ಋಣವೆಂಬುದು ಸುಳ್ಳಲ್ಲ. ಅಂಬಾಬಾಯಿಯವರ ಮೌನ ಸುಳ್ಳಲ್ಲ. 1853ರಲ್ಲಿ ಇಪ್ಪತ್ತೊಂದರ ತರುಣನಾಗಿ ಈ ಕಡೆಗೆ ಬಂದ ಜರ್ಮನಿಯ ಕಿಟೆಲ್, 1894ರಲ್ಲಿ ನಿಘಂಟು ಅಚ್ಚಾಗುವವರೆಗೆ ನಮ್ಮ ಶಬ್ದಗಳಿಗೆ ಕಿವಿಗೊಟ್ಟದ್ದು ಸುಳ್ಳಲ್ಲ. ಆದರೆ ಅವರಲ್ಲಿ ಯಾರನ್ನೂ ಯಾರೂ ವೇದಿಕೆಯ ಮೇಲೆ ನಿಲ್ಲಿಸಿ ಲೆಕ್ಕ ಕೇಳಿರಲಿಲ್ಲ. ಆ ಸಾಲವನ್ನು ಅವರೇ ತಮ್ಮ ಮೇಲೆ ಬರೆದುಕೊಂಡರು, ಅವರೇ ತೀರಿಸಿದರು. ನಾನು ಮಾಡಿದ್ದು ವಸೂಲಿ. ಬಸವಣ್ಣನವರು ನನ್ನನ್ನು ಆ ಕೆಲಸಕ್ಕೆ ನೇಮಿಸಿರಲಿಲ್ಲ. ಒಂದು ಶಕಾರ ಉಳಿಸಹೋಗಿ ಒಂದು ಹಾಡನ್ನೇ ಕಳೆದೆ. ಹೋದ ಹಾಡಿನಲ್ಲಿ ಶ ಇದ್ದರೇನು, ಸ ಇದ್ದರೇನು? ಹಾಗೆಂದು ಶಿಕ್ಷಕ ಏನನ್ನೂ ತಿದ್ದಲೇಬಾರದೇ ಎಂದು ಯಾರಾದರೂ ಕೇಳಿದರೆ, ತಿದ್ದಬೇಕು ಎಂದೇ ಹೇಳುತ್ತೇನೆ. ಮರುದಿನ, ವರ್ಗ ಮುಗಿದ ಮೇಲೆ, ಅವನೊಬ್ಬನೇ ಇದ್ದಾಗ, ನೀನು ಹಾಡಿದ್ದು ಎಷ್ಟು ಚೆನ್ನಾಗಿತ್ತು ಎಂದು ಮೊದಲು ಹೇಳಿ ತಿದ್ದಬಹುದಿತ್ತು. ಇದು ಕೇಶಿರಾಜನಷ್ಟು ಕಠಿಣವಾದ ಶಾಸ್ತ್ರವೇನಲ್ಲ.

ಕಳೆದ ರವಿವಾರ ಮೊಮ್ಮಗಳಿಗೆ ನನ್ನ ಮೇಲೆ ತುಸು ಅವಸರವಿತ್ತು. ಅಪ್ಪನ ಸೀಮೆಯ ಬಗ್ಗೆ ಐದು ಮಾತು ಹೇಳಬೇಕೆಂದು ಅವಳ ಶಾಲೆಯಲ್ಲಿ ಕೆಲಸ ಕೊಟ್ಟಿದ್ದಾರೆ. ಅಪ್ಪ ಹುಟ್ಟಿದ ಊರಿನ ಹೆಸರನ್ನು ಅವಳು "ಉಬಲಿ" ಎಂದಳು. ಫ್ರೆಂಚಿನವರ ಬಾಯಲ್ಲಿ ಹಕಾರವಿಲ್ಲ, ಒತ್ತಕ್ಷರವೂ ಇಲ್ಲ, ಳಕಾರದ ಮಾತಂತೂ ದೂರ. ಕಚೇರಿಗಳಲ್ಲಿ, ಸಿನೆಮಾಗಳಲ್ಲಿ, ಹಾಲನ್ನು 'ಆಲು' ಎನ್ನುವ ಮೈಸೂರು ಸೀಮೆಯ ಹಳ್ಳಿಗರನ್ನು ಕಂಡು ನಕ್ಕ ನಗೆಗಳೆಲ್ಲ ನನಗೆ ಒಮ್ಮೆಲೇ ನೆನಪಾದವು. ಈ ಮಗುವಿನ ಬಾಯಲ್ಲಿ ಅದೇ ಹಕಾರ ಬಿದ್ದುಹೋದರೆ ಅದಕ್ಕೆ ನಾವು ಫ್ರೆಂಚ್ ಸೊಗಸು ಎನ್ನುತ್ತೇವೆ. ನಾನು "ಭಾಳ ಛಲೋ ಅಂದಿ" ಎಂದೆ.

ಹುಡುಗಿ ಒಪ್ಪಲಿಲ್ಲ. ಹುಬ್ಬು ಗಂಟು ಹಾಕಿ, ತನಗೆ ಬರುವ ನಾಲ್ಕಾರು ಕನ್ನಡ ಶಬ್ದಗಳನ್ನು ಒಟ್ಟುಗೂಡಿಸಿ ಕೇಳಿದಳು: "ಅಜ, ಖರೇ ಏಲು. ಸರಿ ಅದ?"

ಕೇಳಿದಳಲ್ಲ. ನಾನು ಕನ್ನಡಕ ತೆಗೆದಿಟ್ಟು ಮೊಬೈಲಿನ ಹತ್ತಿರ ಬಾಯಿ ತಂದು ಅಗಲವಾಗಿ ತೆರೆದೆ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಚಿ ಅಂಗುಳಕ್ಕೆ ಹಚ್ಚಿ, ಮೆಲ್ಲಗೆ ಬಿಡುವುದನ್ನು ತೋರಿಸಿದೆ. ನನಗೆ ಮುಂದಿನ ಹಲ್ಲು ಎರಡಿಲ್ಲದ್ದರಿಂದ ಅವಳಿಗೆ ಒಳಗಿನ ನೋಟ ಚೆನ್ನಾಗಿ ಕಂಡಿರಬೇಕು. ಅವಳೂ ಬಾಯಿ ತೆರೆದಳು. ಅವಳಿಗೂ ಎರಡು ಹಲ್ಲು ಬಿದ್ದಿವೆ. ಮೂರು ಸಲ ಆಯಿತು. ಹಕಾರ ಒಂದು ನಿಟ್ಟುಸಿರಿನಂತೆ ಬಂತು, ಒತ್ತು ಅರ್ಧ ಬಂತು, ಳ ಬರಲಿಲ್ಲ. ಅಷ್ಟರಲ್ಲಿ ಈಜುವ ಕ್ಲಾಸಿಗೆ ಹೊತ್ತಾಯಿತೆಂದು ಅವಳ ತಾಯಿ ಒಳಗಿನಿಂದ ಕರೆದಳು. ಮುಂದಿನ ರವಿವಾರ ಅವಳು ಳಕಾರ ಒಪ್ಪಿಸಬೇಕು, ನಾನು ಬೀದಿಯನ್ನು ಗಾಲಿ ಮಾಡದೆ ಒಪ್ಪಿಸಬೇಕು ಎಂದು ಠರಾವಾಗಿದೆ.